ಕರುವಿನ ಬಾಯಿಗೆ ಕಟ್ಟಿದ ಕುಕ್ಕೆ

ಭಾಗ್ಯನಗರ, ಕೊಪ್ಪಳ
10 ನವೆಂಬರ್ 2024, ಭಾನುವಾರ

ಶ್ರೀಯುತ ಗೌತಮ ಅವರಿಗೆ,

ಹೇಮಾವತಿಯ ನಮಸ್ಕಾರಗಳು. ಮದುವೆಯಾಗಿ ಎರಡು ವರ್ಷವಾಗುತ್ತ ಬಂದರೂ ನಿಮ್ಮ ಹೆಸರನ್ನು ನಾನು ಬಾಯಿಬಿಟ್ಟು ಹೇಳಿದ್ದು ಮದುವೆಯ ದಿನ ಒಡಪಿನ ಪದ್ಯದಲ್ಲಿ ಮಾತ್ರ. ಇವತ್ತು ಒಡಪಿಲ್ಲದೆ ಬರೆದಿದ್ದೇನೆ. ಅಂದುಕೊಂಡಷ್ಟು ಕಷ್ಟವಾಗಲಿಲ್ಲ.

ಪತ್ರ ತಡವಾಯಿತು, ಕ್ಷಮಿಸಿ. ದಸರೆ ಮುಗಿದ ಮೇಲೆ ಮನೆ ಬಿಟ್ಟು ಬಂದವಳು ದೀಪಾವಳಿ ಕಳೆದ ಮೇಲೆ ಬರೆಯುತ್ತಿದ್ದೇನೆ. ನಡುವೆ ನೀವು ಫೋನ್ ಮಾಡಿದಾಗಲೆಲ್ಲ ಹೂಂ, ಹಾಂ ಎಂದದ್ದು ಬಿಟ್ಟರೆ ನಾನು ಏನೂ ಹೇಳಲಿಲ್ಲ. ‘ಸಿಟ್ಟು ಇಳೀತಿಲ್ಲೋ? ಇಳಿದಿದ್ರ ಬಂದುಬಿಡು’ ಎಂದಿರಿ, ಜ್ವರ ಬಿಟ್ಟಿತೇ ಎಂದು ಕೇಳುವವರ ಹಾಗೆ. ಫೋನಿನಲ್ಲಿ ನನಗೆ ಮಾತು ಬರುವುದಿಲ್ಲ. ಎದುರಿಗಂತೂ ಬರುವುದೇ ಇಲ್ಲ. ಎಂ.ಎ. ಓದಿದ ಎರಡು ವರ್ಷದಲ್ಲಿ ಎದ್ದು ನಿಂತು ಒಂದು ಪ್ರಶ್ನೆ ಕೇಳಿದವಳಲ್ಲ. ಬರೆಯುವುದಾದರೆ ಬರೆಯಬಲ್ಲೆ. ಈ ಪತ್ರವನ್ನು ಕುಷ್ಟಗಿಯ ಕಡೆಯ ನಮ್ಮೂರಿಗೆ ಕಳಿಸುತ್ತಿಲ್ಲ, ನಿಮ್ಮ ಕೆಲಸದೂರು ಯಲಬುರ್ಗಾದ ಖೋಲಿಗೆ ಹಾಕುತ್ತಿದ್ದೇನೆ. ಮನೆಗೆ ಹಾಕಿದರೆ ಅತ್ತೆಯವರು ಯಾರಿಂದಲಾದರೂ ಓದಿಸುತ್ತಾರೆ. ಇದರಲ್ಲಿ ಅವರಿಗಿಂತ ನಿಮಗೆ ಹೇಳುವುದೇ ಹೆಚ್ಚಿದೆ.

ಇಲ್ಲಿ ಎಲ್ಲರೂ ಕ್ಷೇಮ. ಅವ್ವ ಎಂದಿನಂತೆ ಕೂದಲ ಗೋದಾಮಿಗೆ, ಸಿಕ್ಕು ಬಿಡಿಸುವ ಕೆಲಸಕ್ಕೆ ಹೋಗುತ್ತಾಳೆ. ಸಂಜೆ ಬಂದಾಗ ಅವಳ ಸೀರೆಗೆ ಯಾರು ಯಾರದೋ ಉದ್ದುದ್ದ ಕೂದಲು ಅಂಟಿರುತ್ತವೆ, ಅವನ್ನು ತೆಗೆಯುತ್ತ ನಾನು ಪಕ್ಕದಲ್ಲಿ ಕೂರುತ್ತೇನೆ. ಅವಳು ಏನೂ ಕೇಳುವುದಿಲ್ಲ. ಅಪ್ಪ ಕೇಳುತ್ತಾನೆ.

‘ಗಂಡ ಕುಡದು ಬಡೀತಾನೇನವಾ?’

‘ಇಲ್ಲ.’

‘ಮನ್ಯಾಗ ಉಪಾಸ ಕೆಡವ್ಯಾರೇನು?’

‘ಇಲ್ಲಪಾ.’

‘ಮತ್ತ ಮಂದಿಗೆ ಏನಂತ ಹೇಳ್ಲಿ? ಎಮ್ಮಿಕರ ಸತ್ತಿದ್ದಕ್ಕ ಈ ಹೊಳಿಯಪ್ಪನ ಮಗಳು ಗಂಡನ್ನ ಬಿಟ್ಟು ಬಂದಾಳ ಅಂತ ಹೇಳ್ಲೇನು?’

ಅಪ್ಪ ಹೇಳಬೇಕಾಗಿಯೇ ಇರಲಿಲ್ಲ. ಓಣಿಯಲ್ಲಿ ಈಗ ನನ್ನ ಹೆಸರು ‘ಕರದ ಹೇಮವ್ವ’. ಕಿರಾಣಿ ಅಂಗಡಿಗೆ ಹೋದರೆ, ‘ಏನವಾ, ಕರಕ್ಕ ಹಿಂಡಿ ಬೇಕೇನು?’ ಎನ್ನುತ್ತಾರೆ. ನಾನು ತಲೆ ತಗ್ಗಿಸಿ ಸಕ್ಕರೆ ತೆಗೆದುಕೊಂಡು ಬರುತ್ತೇನೆ.

ಹೌದು, ಕರು ಸತ್ತದ್ದಕ್ಕೇ ಬಂದೆ. ಅದರ ಕಥೆ ನಿಮಗೆ ಗೊತ್ತಿಲ್ಲದ್ದೇನಲ್ಲ, ಆದರೂ ಮೊದಲಿನಿಂದ ಬರೆಯುತ್ತೇನೆ. ಯಾಕೆಂದರೆ ನಮ್ಮ ಪಕ್ಕದ ಮನೆಯ ಇಮಾಮಬಾನು ಮೊನ್ನೆ ಫೋನ್ ಮಾಡಿದ್ದಳು. ದೀಪಾವಳಿ ಪಾಡ್ಯದ ಹಟ್ಟಿ ಹಬ್ಬದ ದಿನ ನಮ್ಮ ಎರಡನೆಯ ಎಮ್ಮೆ ಈದಿದೆಯಂತೆ. ಹೆಣ್ಣುಗರುವಂತೆ. ‘ಛಲೋ ಅದ ನೋಡವಾ, ಕಣ್ಣು ಹಂಗ ಮಿಂಚ್ತಾವು’ ಎಂದಳು. ಆಮೇಲೆ, ‘ನಿಮ್ಮತ್ತಿ ಆ ಕುಕ್ಕಿ ತೊಳದು ಬಿಸಲಿಗೆ ಹಾಕ್ಯಾರ’ ಎಂದಳು.

ಆ ಮಾತು ಕೇಳಿದ ಮೇಲೆಯೇ ಈ ಪತ್ರ ಬರೆಯಲು ಕುಳಿತೆ.

ಮದುವೆಯ ಹೊಸದರಲ್ಲಿ ನೀವು ನನ್ನನ್ನು ಬೈಕಿನ ಮೇಲೆ ಯಲಬುರ್ಗಾ ಕಡೆಯ ಒಂದು ಹಳ್ಳಿಗೆ ಕರೆದುಕೊಂಡು ಹೋದದ್ದು ನೆನಪಿದೆಯೇ? ದನಗಳಿಗೆ ಜಂತಿನ ಔಷಧ ಹಾಕುವ ಶಿಬಿರ. ದನದ ದವಾಖಾನೆಯ ದೊಡ್ಡ ಡಾಕ್ಟರು ಬರುವುದು ತಡವಾಗಿ, ಅಲ್ಲಿಯ ಪಶು ಪರೀಕ್ಷಕರಾದ ನೀವೇ ಮೈಕು ಹಿಡಿದಿರಿ. ಬೇವಿನ ಮರದ ಕೆಳಗೆ ಮಂದಿ, ಮಂದಿಯ ಹಿಂದೆ ದನ. ನಾನು ಹೆಂಗಸರ ನಡುವೆ ಮುದುಡಿಕೊಂಡು ಕುಳಿತಿದ್ದೆ.

‘ನಮ್ಮ ಮಂದಿ ಏನಂತಾರ್ರಿ? ಕರ ಹಾಲು ಹೆಚ್ಚು ಕುಡದೈತಿ, ಅದಕ್ಕ ಹುಳ ಆಗ್ಯಾವು, ಹಾಲು ಕಡಿಮಿ ಮಾಡ್ರಿ ಅಂತಾರ. ತಪ್ಪರ್ರಿ ಅದು! ಎಮ್ಮಿ ಮೈಯಾಗ ಹುಳದ ಮರಿ ಮಲಗಿರ್ತಾವು. ಈಯೂ ಹೊತ್ತಿಗೆ ಎದ್ದು ಹಾಲಿನಾಗ ಇಳೀತಾವು. ಕರ ಗಿಣ್ಣದ ಜೋಡಿ ಅವನ್ನೂ ಕುಡೀತೈತಿ’ ಎಂದಿರಿ.

ಮುಂದೆ ಕುಳಿತಿದ್ದ ಒಬ್ಬ ಮುದುಕ ಬಿಡಲಿಲ್ಲ. ‘ಅಂದ್ರ ಹಾಲಿನಿಂದಾನ ಬಂದಂಗಾತಲ್ಲಪಾ. ನಮ್ಮ ಮಾತ ಖರೆ ಆತು!’

‘ಅರ್ಧ ಖರೆ ಐತಿ ಅಜ್ಜಾ. ಬಾವ್ಯಾಗ ಕಪ್ಪಿ ಬಿದ್ರ ಕಪ್ಪಿ ತಗೀತಿಯೋ, ನೀರು ಕುಡ್ಯೂದ ಬಿಡ್ತಿಯೋ?’

ಎಲ್ಲರೂ ನಕ್ಕರು, ಮುದುಕನೂ ನಕ್ಕ. ಆಮೇಲೆ ನೀವು ಹೆಗಲ ಮೇಲಿನ ಟವೆಲ್ ತೆಗೆದು ಎತ್ತಿ ಹಿಡಿದಿರಿ. ‘ಕರುಳು ಒಳಗ ಹಿಂಗಿರ್ತೈತ್ರಿ, ಜುಂಗು ಜುಂಗು. ಈ ಜುಂಗ ಹಾಲಿನ ಸತ್ವ ಹೀರಿ ಮೈಗೆ ಕೊಡ್ತಾವು. ಹುಳ ಹೊಕ್ಕು ಇದನ್ನ ಸವಸಿದ್ವು ಅಂದ್ರ ಟವೆಲ್ ಹೋಗಿ ಹಳೇ ಪಂಜಿ ಆತು. ಏನು ಹೀರ್ತೈತಿ ಅದು? ಬಂದದ್ದರಾಗ ಹುಳ ತಮ್ಮ ಪಾಲು ತಿಂತಾವು, ಉಳದದ್ದು ಹಂಗ ಹಿಂದ ಹೋಗ್ತೈತಿ. ತಿಂದದ್ದು ಮೈಗೆ ಹತ್ತಂಗಿಲ್ಲ ಅಂತೀವಲ್ರಿ, ಅದು ಇದ. ಎರಡು ವಾರದ ಕರಕ್ಕ ಒಂದು ಸಲ ಔಷಧ ಹಾಕ್ರಿ. ಹುಳ ತಗೀರಿ, ಹಾಲು ತಗೀಬ್ಯಾಡ್ರಿ.’

ಪಕ್ಕದ ಹೆಂಗಸು, ‘ಯಾರ ಮನಿಯಾಕಿ ನೀನು?’ ಎಂದಳು. ನಾನು ಮೈಕಿನ ಕಡೆ ಬೆರಳು ತೋರಿಸಿ ತಲೆ ತಗ್ಗಿಸಿದೆ. ಅವತ್ತು ನನಗೆ ನಿಮ್ಮ ಮೇಲೆ ಎಷ್ಟು ಹೆಮ್ಮೆಯಾಯಿತೆಂದರೆ, ತಿರುಗಿ ಬರುವಾಗ ಬೈಕಿನ ಹಿಂದೆ ಕುಳಿತು ಆ ಮಾತುಗಳನ್ನೆಲ್ಲ ಮನಸ್ಸಿನಲ್ಲೇ ಮತ್ತೆ ಹೇಳಿಕೊಂಡೆ. ಅದಕ್ಕೇ ಇವತ್ತು ಹೀಗೆ ಬರೆಯಲು ಸಾಧ್ಯವಾಯಿತು. ನೀವು ಮರೆತಿದ್ದರೆ ಇಟ್ಟುಕೊಳ್ಳಿ, ನಿಮ್ಮ ಮಾತೇ.

ಈಗ ಸತ್ತ ಕರುವಿನ ಮಾತು. ಪಂಚಮಿ ಹಬ್ಬದ ಹಿಂದುಮುಂದೆ ಹುಟ್ಟಿತು. ಅದನ್ನು ನೋಡಿಕೊಳ್ಳುವ ಕೆಲಸ ನನ್ನದೆಂದು ಅತ್ತೆಯವರೇ ಹೇಳಿದ್ದರು. ಆ ಮನೆಗೆ ಬಂದ ಮೇಲೆ ನನಗೆ ಸಿಕ್ಕ ಮೊದಲ ಜೊತೆ ಅದು. ಅದಕ್ಕೂ ಮಾತು ಬರುತ್ತಿರಲಿಲ್ಲ, ನನಗೂ ಅಷ್ಟೆ. ಮೊದಲ ಕೆಲವು ದಿನ ಕಟ್ಟು ಬಿಚ್ಚಿದರೆ ಹಿತ್ತಲ ತುಂಬ ಓಡಿ ನನ್ನ ಸೀರೆಯ ಸೆರಗು ಜಗ್ಗುತ್ತಿತ್ತು. ಆಮೇಲೆ ಓಡುವುದು ನಿಂತಿತು. ಮೈಮೇಲಿನ ಕೂದಲು ಎಣ್ಣೆ ಕಾಣದ ತಲೆಯ ಹಾಗೆ ಎದ್ದು ನಿಂತವು. ಸಗಣಿ ಬೂದು ಬಣ್ಣದ ಜೇಡಿಮಣ್ಣಿನಂತಾಗಿ ಹತ್ತಿರ ಹೋಗಲಾರದಷ್ಟು ನಾತ ಹೊಡೆಯುತ್ತಿತ್ತು. ಅದರ ಉಸಿರಿಗೂ ಹಳಸಿದ ತುಪ್ಪದ ವಾಸನೆ. ಪಕ್ಕೆಲುಬು ಕಾಣತೊಡಗಿದವು, ಹೊಟ್ಟೆ ಮಾತ್ರ ಗಡಿಗೆಯಾಯಿತು.

‘ನೋಡದರ ಹೊಟ್ಟಿ, ಸಾವಕಾರ ಆಗೇತಿ! ಹಾಲು ಅತಿ ಆಗೇತಿ ಇದಕ್ಕ’ ಎಂದರು ಅತ್ತೆ. ನಾಲ್ಕು ಮೊಲೆಯಲ್ಲಿ ಎರಡನ್ನು ಬಿಡುತ್ತಿದ್ದವರು ಒಂದಕ್ಕೆ ಇಳಿಸಿದರು. ಕಡೆಗೆ ಹಿಂಡಿ ಮುಗಿದ ಬರಿ ಕೆಚ್ಚಲಿಗೆ ಬಿಟ್ಟರು. ಕರು ತಲೆಯಿಂದ ಗುದ್ದಿ ಗುದ್ದಿ ಜಗ್ಗಿದರೂ ಏನೂ ಬರುತ್ತಿರಲಿಲ್ಲ. ಹಸಿವಿಗೆ, ಮೈಯಲ್ಲಿ ಸತ್ವವಿಲ್ಲದ್ದಕ್ಕೆ, ಅದು ದನ ಕಟ್ಟುವ ಹಕ್ಕೆಯ ಮಣ್ಣಿನ ಗೋಡೆ ನೆಕ್ಕತೊಡಗಿತು. ಆಗ ಅತ್ತೆಯವರು ಹುರಿಯಿಂದ ಹೆಣೆದ ಕುಕ್ಕೆಯನ್ನು ಅದರ ಬಾಯಿಗೆ ಕಟ್ಟಿದರು. ಮಣ್ಣು ತಿನ್ನುವುದು ನಿಂತಿತು. ಕರು ಕುಕ್ಕೆಯ ಒಳಗಿಂದಲೇ ಗೋಡೆಯ ಕಡೆ ನಾಲಿಗೆ ಚಾಚುತ್ತ ನಿಂತಿರುತ್ತಿತ್ತು.

ಒಂದು ಮಾತು ನ್ಯಾಯವಾಗಿ ಬರೆಯಬೇಕು. ಹಾಲಿನ ಆಸೆಗೆ ಅವರು ಹೀಗೆ ಮಾಡಿದರೆಂದು ನಾನು ಎಲ್ಲಿಯೂ ಹೇಳಿಲ್ಲ, ಹೇಳುವುದೂ ಇಲ್ಲ. ಕರು ಉಳಿಯಲಿ ಎಂದೇ ಮಾಡಿದರು. ಅವರ ತಾಯಿ ಹಾಗೆ ಮಾಡುತ್ತಿದ್ದರು, ಅವರ ಅತ್ತೆಯೂ ಹಾಗೆ ಮಾಡುತ್ತಿದ್ದರು. ಕುಕ್ಕೆ ಹೆಣೆಯುವಾಗ ಮೂಗು ಉಜ್ಜಬಾರದೆಂದು ಮೆತ್ತನೆಯ ಹುರಿ ಹುಡುಕಿದವರು ಅವರು. ಗೊತ್ತಿಲ್ಲದವರ ಮೇಲೆ ನನಗೆ ಸಿಟ್ಟಿಲ್ಲ. ಗೊತ್ತಿದ್ದವರು ನೀವು.

ನಾನು ಬಾಯಿ ಬಿಟ್ಟೆ, ನಂಬುತ್ತೀರೋ ಇಲ್ಲವೋ. ‘ಅತ್ತಿ, ಇದು ಹುಳದ್ದು ಇರಬೇಕ್ರಿ. ಸಗಣಿ ನೋಡ್ರಿ’ ಎಂದೆ. ಅವರು ಸೊಂಟದ ಮೇಲೆ ಕೈಯಿಟ್ಟು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ‘ಬುಕ್ಕ ಓದಿದ್ದು ಮುಗೀತು, ಈಗ ಎಮ್ಮಿಕರದ ಸಗಣಿ ಓದಾಕ ಹತ್ಯಾಳ. ಏನ್ ಬರದೈತೆವಾ ಅದರಾಗ, ನಮಗೂ ಒಂದೀಟು ಓದಿ ಹೇಳು. ನೀ ಉಂಡದ್ದ ನಿನ್ನ ಮೈಗೆ ಹತ್ತವಲ್ದು, ಕರದ್ದು ಹೇಳಾಕ ಬಂದಾಳ!’ ಆಮೇಲೆ ಸ್ವಲ್ಪ ಮೆತ್ತಗಾಗಿ, ‘ಶನಿವಾರ ಅಂವ ಬರ್ತಾನ, ಅವನ್ನ ಕೇಳೋಣು. ಅಂವ ಏನಂತಾನ ಹಂಗ’ ಎಂದರು.

ಅಂವ ಏನಂತಾನ ಹಂಗ. ಈ ಮಾತು ನಿಮಗೆ ತಿಳಿಸಲೆಂದೇ ಇಷ್ಟು ಉದ್ದಕ್ಕೆ ಬರೆಯುತ್ತಿದ್ದೇನೆ. ಅವರು ನಿಮ್ಮ ಮಾತು ಕೇಳಲು ತಯಾರಿದ್ದರು.

ಶನಿವಾರ ನೀವು ಬಂದಿರಿ. ಹಕ್ಕೆಯಲ್ಲಿ ಕರುವಿನ ಮುಂದೆ ಕುಕ್ಕರಗಾಲಲ್ಲಿ ಕೂತು ಅದರ ಕಣ್ಣಿನ ರೆಪ್ಪೆ ಮಗುಚಿ ನೋಡಿದಿರಿ. ‘ಬಿಳುಪಾಗೇತಿ. ಹುಳಾನ. ಲಗೂನ ಔಷಧ ಹಾಕಬೇಕು’ ಎಂದು ನನಗೊಬ್ಬಳಿಗೆ ಕೇಳುವಷ್ಟು ಸಣ್ಣ ದನಿಯಲ್ಲಿ ಹೇಳಿದಿರಿ. ನನಗೆ ಜೀವ ಬಂದಂತಾಯಿತು. ಊಟಕ್ಕೆ ಕುಳಿತಾಗ ಅತ್ತೆಯವರು ರೊಟ್ಟಿ ಹಾಕುತ್ತ ನೇರವಾಗಿ ಕೇಳಿದರು.

‘ಹೇಳಪಾ ನೀನ. ಹಾಲು ಹೆಚ್ಚಾದ್ರ ಹುಳ ಆಗ್ತಾವೋ ಇಲ್ಲೋ? ಇಕಿ ಬ್ಯಾರೆ ಹೇಳ್ತಾಳ.’

ನಾನು ಬಾಗಿಲ ಹಿಂದೆ ನಿಂತಿದ್ದೆ. ಕಪ್ಪೆಯ ಮಾತು ಬರುತ್ತದೆ, ಬಾವಿಯ ಮಾತು ಬರುತ್ತದೆ ಎಂದು ಕಾದೆ. ನೀವು ರೊಟ್ಟಿ ಮುರಿದು ಬ್ಯಾಳಿಯಲ್ಲಿ ಅದ್ದಿದಿರಿ.

‘ಹಿಂದಿನೋರು ಸುಮ್ ಸುಮ್ನ ಹೇಳಿರಂಗಿಲ್ಲವ್ವ.’

ಅಷ್ಟೇ. ಅತ್ತೆಯವರು ನನ್ನ ಕಡೆ ನೋಡಿ ಇನ್ನೊಂದು ರೊಟ್ಟಿ ನಿಮ್ಮ ತಾಟಿಗೆ ಹಾಕಿದರು.

ಮರುದಿನ ಬೆಳಿಗ್ಗೆ ಇಮಾಮಬಾನು ಗೋಡೆಯಾಚೆಯಿಂದ ಕೂಗಿದಳು: ‘ಡಾಕ್ಟ್ರ, ನಮ್ಮ ಕರಾನೂ ಒಂದೀಟ ನೋಡಬರ್ರಿ.’ ನೀವು ಚೀಲದಿಂದ ಬಾಟಲಿ ತೆಗೆದುಕೊಂಡು ಹೋದಿರಿ. ನಾನು ಬಟ್ಟೆ ಒಣಗಿಸುತ್ತ ನೋಡಿದೆ. ಅದರ ತಲೆ ಎತ್ತಿ ಹಿಡಿದು, ಬಿದಿರಿನ ಗೊಟ್ಟದಲ್ಲಿ ಔಷಧ ಸುರಿದು, ಗಂಟಲು ಸವರಿ, ‘ಹಾಲು ಕಡಿಮಿ ಮಾಡಬ್ಯಾಡ್ರಿ ಮತ್ತ’ ಎಂದು ಗಟ್ಟಿಯಾಗಿ ಹೇಳಿದಿರಿ. ಅದೇ ಬಾಟಲಿಯಲ್ಲಿ ಇನ್ನೂ ಅರ್ಧಕ್ಕಿಂತ ಹೆಚ್ಚು ಔಷಧವಿತ್ತು. ಸೋಮವಾರ ಅದು ನಿಮ್ಮ ಚೀಲದಲ್ಲೇ ಯಲಬುರ್ಗಾಕ್ಕೆ ಹೋಯಿತು. ನಾನು ಕೇಳಿದ್ದಕ್ಕೆ, ‘ಅವ್ವನ ಮನಸು ನೋಡಿ ಹಾಕೋಣು ತಡಿ’ ಎಂದಿರಿ. ಕರುವಿನ ಕರುಳು ಯಾರ ಮನಸ್ಸೂ ನೋಡುತ್ತ ಕೂರಲಿಲ್ಲ. ಇಮಾಮಬಾನುವಿನ ಕರು ಈಗ ಗೋಡೆ ಹಾರುತ್ತದಂತೆ.

ನಮ್ಮದು ದಸರೆಯ ಮರುದಿನ ಹೋಯಿತು. ಕುಕ್ಕೆ ಬಿಚ್ಚಿದವಳು ನಾನು. ಮಂದಿ ಬಂದು ಸುತ್ತಲೂ ನಿಂತಿದ್ದರು. ರಜೆಗೆ ಬಂದಿದ್ದ ನೀವೂ ನಿಂತಿದ್ದಿರಿ. ಅತ್ತೆಯವರು ಅಳುತ್ತಿದ್ದರು, ಅಳುತ್ತಲೇ ನನ್ನ ಕಡೆ ಕೈ ಮಾಡಿದರು. ‘ಹೊತ್ತು ಹೊತ್ತಿಗೂ ಅದನ್ನ ನೋಡ್ಕೋತ ಕುಂದರ್ತಿದ್ಲು. ಮಾತಿಲ್ಲ, ಕತಿಯಿಲ್ಲ, ಬರೇ ನೋಡೂದು. ಇಕಿ ಕಣ್ಣ ತಾಗೇತಿ ನನ್ನ ಕರಕ್ಕ!’

ಸಣ್ಣಂದಿನಿಂದ ನನಗೆ ಬರುವುದು ಅದೊಂದೇ, ನೋಡುವುದು. ಅದನ್ನೇ ಅವರು ಹಿಡಿದರು. ನಾನು ನಿಮ್ಮ ಮುಖ ನೋಡಿದೆ. ಅದು ಯಾಕೆ ಸತ್ತಿತೆಂದು ಅಲ್ಲಿದ್ದ ಮಂದಿಯಲ್ಲೆಲ್ಲ ಚೆನ್ನಾಗಿ ನಿಮಗೇ ಗೊತ್ತಿತ್ತು. ‘ಆಗಿದ್ದು ಆತು, ಬಿಡವ್ವ’ ಎಂದಿರಿ ನೀವು. ಹಾಗೆಂದರೆ ಏನರ್ಥ? ಕಣ್ಣು ತಾಗಿದ್ದು ಹೌದು, ಕ್ಷಮಿಸಿಬಿಡು ಎಂದೇ ಮಂದಿಗೆ ಕೇಳಿಸಿತು. ನನಗೂ ಹಾಗೇ ಕೇಳಿಸಿತು. ನಾನು ಹೊರಡುವ ಹೊತ್ತಿಗಾಗಲೇ ನಮ್ಮೂರಲ್ಲಿ ಬಾಣಂತಿಯರು ನನ್ನನ್ನು ಕಂಡರೆ ಕೂಸಿನ ಮೇಲೆ ಸೆರಗು ಎಳೆಯುತ್ತಿದ್ದರು. ಇದು ನಿಮಗೆ ಗೊತ್ತಿರಲಿಕ್ಕಿಲ್ಲ.

ಕುಷ್ಟಗಿ ಬಸ್‌ಸ್ಟ್ಯಾಂಡಿನಲ್ಲಿ ನನ್ನನ್ನು ಇಳಿಸುವಾಗ, ‘ಅವ್ವಗ ಎದುರಾಡಿದ್ರ ಮನ್ಯಾಗ ಶಾಂತಿ ಇರಂಗಿಲ್ಲ. ನೀ ಓದಿದಾಕಿ, ತಿಳ್ಕೋ’ ಎಂದಿರಿ. ಅವತ್ತು ಬಸ್ಸು ಹತ್ತಿದೆ. ಉತ್ತರ ಇವತ್ತು ಕೊಡುತ್ತೇನೆ. ಎದುರಾಡಿ ಎಂದು ನಾನು ಕೇಳಿರಲಿಲ್ಲ. ಅರ್ಧ ಖರೆ ಐತವ್ವ ಎಂದಿದ್ದರೆ ಸಾಕಿತ್ತು. ಶಿಬಿರದ ಆ ಅಜ್ಜನಿಗೆ ಕೊಟ್ಟ ಮರ್ಯಾದೆಯನ್ನು ನಿಮ್ಮ ತಾಯಿಗೂ ನೀವು ಕೊಡಲಿಲ್ಲ. ಅವರು ತಪ್ಪು ತಿಳಿದುಕೊಂಡೇ ಇರಲಿ, ನಿಮಗೆ ಬಿಸಿ ರೊಟ್ಟಿ ಬರುತ್ತಿರಲಿ ಎಂಬುದಷ್ಟೇ ನಿಮ್ಮ ಲೆಕ್ಕ. ಇದಕ್ಕೆ ತಾಯಿಯ ಮೇಲಿನ ಪ್ರೀತಿ ಎಂದು ಹೆಸರಿಡಬೇಡಿ.

ಈಗ ನಾನು ಹೇಳುವುದು ಇಷ್ಟೆ. ಹೊಸ ಕರುವಿಗೆ ಬರುವ ಶನಿವಾರದ ಸುಮಾರಿಗೆ ಎರಡು ವಾರ ತುಂಬುತ್ತದೆ. ಔಷಧ, ಗೊಟ್ಟ ತೆಗೆದುಕೊಂಡು ಮನೆಗೆ ಹೋಗಿ. ಅತ್ತೆಯವರು ಹೊಲಕ್ಕೋ ಸಂತೆಗೋ ಹೋದಾಗ ಕದ್ದು ಹಾಕಬೇಡಿ. ಹಾಡೇ ಹಗಲು, ಅವರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಆ ಬಾವಿಯ ಮಾತು, ಟವೆಲ್ಲಿನ ಮಾತು ಹೇಳಿ ಹಾಕಿ. ಹೋದ ಕರು ಯಾಕೆ ಹೋಯಿತೆಂದೂ ಹೇಳಿ. ಕುಕ್ಕೆಯನ್ನು ಅವರ ಕೈಯಿಂದಲೇ ಒಲೆಗೆ ಹಾಕಿಸಿ. ಇಷ್ಟಾದರೆ ಫೋನ್ ಮಾಡಿ, ನಾನು ಎತ್ತುತ್ತೇನೆ. ಆಗದಿದ್ದರೆ ಮಾಡಬೇಡಿ. ಅಪ್ಪನಿಗೆ ನಾನೇ ಏನಾದರೂ ಹೇಳಿಕೊಳ್ಳುತ್ತೇನೆ. ಇಲ್ಲಿ ಒಂದು ಖಾಸಗಿ ಸಾಲಿಯಲ್ಲಿ ಕನ್ನಡ ಕಲಿಸಲು ಕರೆದಿದ್ದಾರೆ. ಮಕ್ಕಳ ಮುಂದೆ ನಿಂತರೆ ನನಗೆ ಮಾತು ಬರುತ್ತದೋ ಇಲ್ಲವೋ ಗೊತ್ತಿಲ್ಲ. ನೋಡಬೇಕು.

ಅತ್ತೆಯವರ ಮೊಣಕಾಲು ನೋವು ಹೇಗಿದೆ? ಚಳಿ ಬಿದ್ದಿದೆ, ಹೆಚ್ಚಾಗಿರುತ್ತದೆ. ನಾನು ಕಾಸಿಟ್ಟ ಎಣ್ಣೆ ಗೋಡೆಯ ಮಾಡದಲ್ಲಿ ಹಿತ್ತಾಳೆ ಗಿಂಡಿಯ ಹಿಂದೆ ಇದೆ, ಅವರಿಗೆ ಸಿಕ್ಕಿರಲಿಕ್ಕಿಲ್ಲ. ನನ್ನ ನಮಸ್ಕಾರ ಹೇಳಬೇಡಿ, ಎಣ್ಣೆ ಎಲ್ಲಿದೆ ಎಂದಷ್ಟೇ ಹೇಳಿ. ಹುಲಿಗೆಮ್ಮ ತಾಯಿ ಆ ಎಳೆಗರುವಿಗೆ ಆಯುಷ್ಯ ಕೊಡಲಿ. ನಿಮಗೆ ನಾಲಿಗೆ ಕೊಡಲಿ.

ಇಂತಿ,
ಹೇಮಾವತಿ

ತಾ.ಕ.: ಪತ್ರ ಮಡಿಚಿದ ಮೇಲೆ ಮತ್ತೆ ಬಿಚ್ಚಿದ್ದೇನೆ. ಹೋದ ವಾರ ನಳದ ಹತ್ತಿರ ಕಣ್ಣಿಗೆ ಕತ್ತಲು ಬಂದು ಕುಸಿದು ಕುಳಿತೆ. ಅವ್ವ ಕೊಪ್ಪಳದ ದವಾಖಾನೆಗೆ ಕರೆದೊಯ್ದಳು. ಡಾಕ್ಟರಮ್ಮ ನನ್ನ ಕಣ್ಣಿನ ರೆಪ್ಪೆ ಮಗುಚಿ ನೋಡಿದರು. ಉಗುರು ಒತ್ತಿ ನೋಡಿದರು. ಆಮೇಲೆ ಸಹಜವಾಗಿ, ‘ಮಣ್ಣು ತಿನ್ನಬೇಕು ಅನಸ್ತೈತೇನವಾ?’ ಎಂದರು. ನಾನು ಹೂಂ ಎಂದೆ. ಮೈಯಲ್ಲಿ ರಕ್ತವಿಲ್ಲ, ಹೊಟ್ಟೆಯಲ್ಲಿ ಹುಳುವಿದೆ ಎಂದು ಗುಳಿಗೆ ಬರೆದುಕೊಟ್ಟರು. ಅವರು ನನ್ನನ್ನು ನೋಡಿದ್ದು ಅದೇ ಮೊದಲು.

ಕರುವಿಗೆ ಕುಕ್ಕೆ ಕಟ್ಟಿದ ಹೊಸದರಲ್ಲಿ ಒಂದು ಶನಿವಾರ, ಅದು ನೆಕ್ಕುತ್ತಿದ್ದ ಅದೇ ಗೋಡೆಯಿಂದ ನಾನು ಒಂದು ಹೆಂಟೆ ಕಿತ್ತು ಬಾಯಿಗೆ ಹಾಕಿಕೊಂಡೆ. ಬಹಳ ದಿನದಿಂದ ತಿನ್ನುತ್ತಿದ್ದೆ. ತಿರುಗಿ ನೋಡಿದರೆ ಬಾಗಿಲಲ್ಲಿ ಅತ್ತೆ, ಅವರ ಹಿಂದೆ ನೀವು, ಹೆಗಲ ಮೇಲೆ ಟವೆಲ್. ‘ನೋಡಪಾ, ಕರಕ್ಕೊಂದ ಸಾಲಂಗಿಲ್ಲ. ಇಕಿಗೂ ಒಂದು ಕುಕ್ಕಿ ಹೆಣೀಬೇಕು’ ಎಂದರು ಅತ್ತೆ. ಅವರಿಗೆ ಗೊತ್ತಿರಲಿಲ್ಲ. ನಿಮಗೆ ಗೊತ್ತಿತ್ತು, ಮಣ್ಣು ಯಾಕೆ ತಿನ್ನುತ್ತಾರೆಂದು ನಿಮಗೆ ಗೊತ್ತಿತ್ತು. ನೀವು ನಕ್ಕಿರಿ.

ನನ್ನ ಬಾಯಲ್ಲಿ ಇನ್ನೂ ಮಣ್ಣಿತ್ತು. ನುಂಗಿದೆ.